ಅಕ್ಕನ ಮೇಜಿನ ಹಾಳೆ

ಮಾರ್ಚ್ 3, ಸೋಮವಾರ

ನೋಟು ಸಂಗ್ರಹಿಸುವವರಿಂದ ಆರ್ಡರ್ ಮೂರು. ಮೂರೂ ಚಿಕ್ಕ ನೋಟಿನವು — ಹಾಳೆಗೆ ಮೂವತ್ತೆರಡು ನೋಟು, ಕತ್ತರಿ ಬೀಳದೆ ಪ್ರೆಸ್ಸಿನಿಂದ ಹಾಗೇ ಬಂದದ್ದು. ಎರಡು ನಾನು ಸುತ್ತಿದೆ, ಒಂದು ಅಕ್ಕ. ಮೊದಲೆಲ್ಲ ಅವಳು ಆರು ಮುಗಿಸುವಷ್ಟರಲ್ಲಿ ನಾನು ಟೇಪಿನ ತುದಿ ಹುಡುಕುತ್ತಿದ್ದೆ. ಇವತ್ತು ಅವಳ ಒಂದಕ್ಕೇ ಐವತ್ತು ನಿಮಿಷ.

ಕೈ ನಡುಗುತ್ತದೆ. ಬಲಗೈ ಜಾಸ್ತಿ.

"ಯಾರೋ ಕೀ ಕೊಟ್ಟುಬಿಟ್ಟಿದ್ದಾರೆ ಕಣೋ, ನಿಲ್ಲಿಸೋದು ಗೊತ್ತಿಲ್ಲ" ಅಂದಳು. ನಕ್ಕಳು. ನಾನೂ ನಕ್ಕೆ.

ಮಾರ್ಚ್ 11, ಮಂಗಳವಾರ

ಒಂದು ಹಾಳೆ ವಾಪಸ್. ಭೂತಗನ್ನಡಿ ಕಳಿಸಿದ್ದು. (ನಿವೃತ್ತ ಸರ್ವೇಯರ್. ಭೂತಗನ್ನಡಿ ಇಲ್ಲದೆ ನಮ್ಮ ರಸೀತಿಯನ್ನೂ ಓದುವುದಿಲ್ಲ. ಹೆಸರಿಟ್ಟವಳು ಅಕ್ಕ.) ಜೊತೆಗೊಂದು ಚೀಟಿ: "ಬಲಮೂಲೆಯಲ್ಲಿ ಅರ್ಧಚಂದ್ರದ ಗುರುತು. ಹೆಬ್ಬೆರಳು ಒತ್ತಿ ಹಿಡಿದರೆ ಮಾತ್ರ ಹೀಗಾಗುತ್ತದೆ. ಇಷ್ಟು ವರ್ಷದಲ್ಲಿ ನಿಮ್ಮಿಂದ ಇದು ಮೊದಲು."

ಅಕ್ಕ ಸುತ್ತಿದ್ದ ಹಾಳೆ. ಅವಳಿಗೆ ತೋರಿಸಲಿಲ್ಲ. ಬೇರೆಯದನ್ನು ನಾನೇ ಸುತ್ತಿ ಕಳಿಸಿದೆ. ಕೊರಿಯರಿನಲ್ಲಿ ಏನೋ ಆಗಿರಬೇಕು ಅಂತ ಬರೆದೆ. ಸುಳ್ಳು.

ಹಾಳೆ ಹಿಡಿಯೋದು ಕಲಿಸಿದ್ದು ಇವಳೇ. ಅಪ್ಪ ಹೋದಾಗ ನನಗೆ ಹನ್ನೆರಡು, ಇವಳಿಗೆ ಇಪ್ಪತ್ತೊಂದು. ಓದು ಬಿಟ್ಟು ಬಂದು ಈ ಅಂಗಡಿಯಲ್ಲಿ ಕೂತಳು. "ನಿದ್ದೆ ಹೋದ ಮಗೂನ ಎತ್ತಿದ ಹಾಗೆ ಎತ್ತು. ಬೆರಳಲ್ಲಿ ಅಲ್ಲ, ಅಂಗೈಯಲ್ಲಿ."

ಮಾರ್ಚ್ 12, ಬುಧವಾರ

ನರದ ಡಾಕ್ಟರ ಹತ್ತಿರ. ಹೋಗೋ ಕಾಯಿಲೆಯಲ್ಲವಂತೆ. ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು. ಅಕ್ಕನನ್ನು ಹೊರಗೆ ಕೂರಿಸಿ ಕೇಳಿದೆ — ಕೆಲಸ ಬಿಡಿಸಲಾ?

"ಯಾಕ್ರೀ ಬಿಡಿಸ್ತೀರಾ? ಕೈಗೊಂದು ಕೆಲಸ, ಬೆಳಿಗ್ಗೆ ಎದ್ದು ಹೋಗೋಕೊಂದು ಜಾಗ. ಅದನ್ನ ಕಿತ್ಕೊಂಡ್ರೆ ಅವರು ಕುರ್ಚಿ ಹಿಡಿದುಬಿಡ್ತಾರೆ. ಆಮೇಲೆ ಏಳಲ್ಲ."

ದಾರಿಯಲ್ಲಿ ಅಕ್ಕ ಕೇಳಿದ್ದು ಒಂದೇ. "ಪ್ಯಾಕಿಂಗ್ ಬೇಡ ಅಂದ್ರಾ?"

ಇಲ್ಲ ಅಂದೆ. ಬಸ್ಸು ಹತ್ತುವವರೆಗೂ ನನ್ನ ತೋಳು ಬಿಡಲಿಲ್ಲ.

ಮಾರ್ಚ್ 17, ಸೋಮವಾರ

ದಾರಿ ಹುಡುಕಿದ್ದೇನೆ. ವಾಪಸ್ ಬಂದ ಹಾಳೆಯನ್ನು ಐದು ದಿನ ಗಾಜಿನ ಅಡಿಯಲ್ಲಿಟ್ಟಿದ್ದೆ. ಗುರುತು ಹೆಚ್ಚುಕಡಿಮೆ ಹೋಗಿದೆ. ಇವತ್ತು ಅದನ್ನೇ ಅಕ್ಕನಿಗೆ ಕೊಟ್ಟೆ. ಅವಳು ಸುತ್ತಿದಳು, ರಟ್ಟಿನ ಟ್ಯೂಬಿಗೆ ಇಳಿಸಿದಳು, ವಿಳಾಸ ಬರೆದಳು. ಸಂಜೆ ಕೊರಿಯರಿನವನು ಬರುವ ಮೊದಲು ಹಿಂದಿನ ಕೋಣೆಗೆ ಒಯ್ದು ಅದನ್ನು ತೆಗೆದೆ. ಅದೇ ಟ್ಯೂಬಿಗೆ ಒಳ್ಳೆಯ ಹಾಳೆ ಹಾಕಿ ಮುಚ್ಚಿದೆ. ವಿಳಾಸ ಅವಳ ಕೈಬರಹದ್ದೇ. ಗಿರಾಕಿಗೆ ನಷ್ಟವಿಲ್ಲ.

ನಾಳೆ ಮತ್ತೆ ಅದೇ ಹಾಳೆ.

ಮಾರ್ಚ್ 27, ಗುರುವಾರ

ಸುಸೂತ್ರ. ಅಕ್ಕ ಹುರುಪಾಗಿದ್ದಾಳೆ. "ಮಾತ್ರೆ ಹಿಡೀತಾ ಇದೆ ಕಣೋ. ಕಂಪ್ಲೇಂಟ್ ಒಂದೂ ಇಲ್ಲ ಅಲ್ವಾ?"

"ಒಂದೂ ಇಲ್ಲ."

"ಭೂತಗನ್ನಡೀದೂ ಇಲ್ವಾ? ಹಾಗಾದ್ರೆ ಕಣ್ಣು ಮಂಜಾಗಿದೆ ಪಾಪ."

ಏಪ್ರಿಲ್ 9, ಬುಧವಾರ

ಅನಾಹುತ. ದಿನಾ ಐದಕ್ಕೆ ಬರುವ ಕೊರಿಯರಿನವನು ಮೂರೂವರೆಗೇ ಬಂದಿದ್ದಾನೆ. ನಾನು ಬ್ಯಾಂಕಿನಲ್ಲಿದ್ದೆ. ತಿರುಗಿ ಬಂದರೆ ಮೇಜು ಖಾಲಿ.

"ನಾನೇ ಕೊಟ್ಟು ಕಳಿಸಿದೆ. ತೂಕ ಹಾಕಿ, ಸಹಿ ಮಾಡಿಸಿ. ನೀನಿಲ್ದೆ ಇದ್ರೂ ಅಂಗಡಿ ನಡೆಯುತ್ತಪ್ಪಾ!"

ಶಹಭಾಸ್ ಅಂದೆ. ಇನ್ನೇನು ಅನ್ನಲಿ.

ಆರ್ಡರ್ ಪುಸ್ತಕ ನೋಡಿದೆ. ಅಕ್ಕನ ಟ್ಯೂಬು ಹೋದದ್ದು ಭೂತಗನ್ನಡಿಗೆ. ಕೊರಿಯರ್ ಆಫೀಸಿಗೆ ಓಡಿದೆ. ಗಾಡಿ ಹೊರಟಾಗಿತ್ತು.

ಏಪ್ರಿಲ್ 10, ಗುರುವಾರ

ಸುತ್ತೋಕೆ ಹಾಳೆ ಬೇಕಲ್ಲ. ಸ್ಟಾಕಿನಿಂದ ಹೊಸದೊಂದು ತೆಗೆದು ಅಕ್ಕನ ಮುಂದಿಟ್ಟೆ. ನೋಡಿದಳು, ಮತ್ತೆ ನೋಡಿದಳು. "ಹೊಸದಾ?" ಅಂದಳು. ಎಲ್ಲಾ ಹೊಸದೇ ಅಲ್ವಾ ಅಂದೆ. ಹೌದಲ್ವಾ, ಅಂದಳು.

ಭೂತಗನ್ನಡಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ 15, ಮಂಗಳವಾರ

ಭೂತಗನ್ನಡಿ ಖುದ್ದಾಗಿ ಬಂದರು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಟ್ಯೂಬನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರಂತೆ. ಅಕ್ಕ ಊಟಕ್ಕೆ ಮನೆಗೆ ಹೋಗಿದ್ದಳು.

"ನಾನು ಬೇಡ ಅಂತ ವಾಪಸ್ ಕಳಿಸಿದ ಹಾಳೇನೇ ನನಗೆ ಮತ್ತೆ ಕಳಿಸಿದ್ದೀರಲ್ರೀ! ನೋಟಿನ ನಂಬರು ಬರೆದಿಟ್ಟಿದ್ದೆ. ಆಗ ಒಂದು ಅರ್ಧಚಂದ್ರ ಇತ್ತು. ಈಗ ಎಣಿಸಿದೆ, ಹತ್ತೊಂಬತ್ತು."

ಎಲ್ಲಾ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನೆ ಫೋನ್ ಮಾಡಿದ್ದೆ. ನಿಮ್ಮಕ್ಕ ಎತ್ತಿದ್ರು. ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಪೂರ್ತಿ ಕೇಳಿಸಿಕೊಂಡು, ತಪ್ಪು ನಂದು ಅಂದ್ರು. ನಮ್ಮ ತಮ್ಮನಿಗೆ ಹೇಳ್ಬೇಡಿ, ಕಷ್ಟಪಟ್ಟು ಮಾಡ್ತಾ ಇದ್ದಾನೆ, ನನಗೆ ಗೊತ್ತಾಗಿದೆ ಅಂತ ತಿಳಿದ್ರೆ ಒಡೆದುಹೋಗ್ತಾನೆ ಅಂದ್ರು. ಆಗ ನನಗೆ ತಲೆಬುಡ ತಿಳೀಲಿಲ್ಲ."

ದುಡ್ಡು ವಾಪಸ್ ಕೊಡಲು ಹೋದೆ, ಮುಟ್ಟಲಿಲ್ಲ. ಹಾಳೆ ಬಿಟ್ಟು ಹೋದರು.

ಮೂರು ಗಂಟೆಗೆ ಅಕ್ಕ ಬಂದು ಕೈಗವಸು ಹಾಕಿಕೊಂಡಳು. "ಎಲ್ಲಿ, ಕೊಡು."

ಮೇ 2, ಶುಕ್ರವಾರ

ಹದಿನೇಳು ದಿನ ಬರೆಯಲಿಲ್ಲ. ಬರೆಯಲು ಬೇರೆ ಏನಿತ್ತು? ಅವಳು ದಿನಾ ಬಂದಳು. ನಾನು ದಿನಾ ಅದೇ ಹಳೆಯ ಹಾಳೆ ಕೊಟ್ಟೆ. ಇಬ್ಬರಿಗೂ ಗೊತ್ತು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಇವತ್ತು ತಡೆಯಲಾಗಲಿಲ್ಲ. ಅವಳೆದುರೇ ಕಟ್ಟು ಒಡೆದು ಹೊಸ ಹಾಳೆ ಹಾಸಿದೆ.

"ಅಕ್ಕ, ಇದು ನಿಜವಾಗ್ಲೂ ಹೋಗೋದು. ನೀನೇ ಸುತ್ತು."

ಬಗ್ಗಿ ನೋಡಿದಳು. ಕೈ ಮುಂದೆ ಬರಲಿಲ್ಲ. "ಎಷ್ಟು ಚೆನ್ನಾಗಿದೆ ನೋಡು. ಒಂದು ಗೆರೆ ಇಲ್ಲ."

"ಸುತ್ತು."

"ಬೇಡ ಕಣೋ. ಹಾಳಾಗುತ್ತೆ."

"ಹಾಳಾದ್ರೆ ಆಗ್ಲಿ."

"ವ್ಯಾಪಾರ ಮಾಡೋನು ಆಡೋ ಮಾತಾ ಇದು? ಅಪ್ಪ ಇದ್ದಿದ್ರೆ ಕಪಾಳಕ್ಕೆ ಬಿಡ್ತಿದ್ರು."

ಯಾವಾಗಿಂದ ಗೊತ್ತು ಅಂತ ಕೇಳಿದೆ.

"ಎರಡನೇ ದಿನದಿಂದ. ನನ್ನ ಹೆಬ್ಬೆರಳಿನ ಗುರುತು ನನಗೆ ತಿಳಿಯಲ್ವೇನೋ?"

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಅವತ್ತು ಕೊರಿಯರಿನವನಿಗೆ ಕೊಟ್ಟಿದ್ದೂ ಅದಕ್ಕೇ, ಕೊಡದೆ ಇದ್ದಿದ್ರೆ ನನಗೆ ಗೊತ್ತು ಅಂತ ನಿನಗೆ ತಿಳಿದುಬಿಡ್ತಿತ್ತು."

ಹೊಸ ಹಾಳೆಯನ್ನು ಪಕ್ಕಕ್ಕೆ ಸರಿಸಿಟ್ಟೆ.

"ಹಳೇದು ಎಲ್ಲಿಟ್ಟಿದ್ದೀಯ?" ಅಂದಳು. "ತಗೊಂಡು ಬಾ. ಅದಾದ್ರೆ ನನಗೆ ಭಯ ಇಲ್ಲ."

ತಂದುಕೊಟ್ಟೆ. ಒಂದು ಗಂಟೆ ಹತ್ತು ನಿಮಿಷ. ಎರಡು ಸಲ ಜಾರಿತು. ನಾನು ಕೈ ಹಾಕಲಿಲ್ಲ. ಟ್ಯೂಬಿನ ಮುಚ್ಚಳ ಒತ್ತಿ, ಪೆನ್ನು ತೆಗೆದುಕೊಂಡು ನನ್ನ ಮುಖ ನೋಡಿದಳು.

"ಇವತ್ತು ಯಾರ ಹೆಸರು ಬರೀಲಿ?"

ಆರ್ಡರ್ ಪುಸ್ತಕ ಎದುರಿಗೇ ಇತ್ತು. ನಾನು ಮೊದಲ ಹೆಸರು ಓದಿ ಹೇಳಿದೆ; ಅವಳು ಬರೆದ ಮೇಲೆ, ಅವಳೆದುರೇ ಹಳೆಯ ಹಾಳೆ ತೆಗೆದು ಹೊಸದನ್ನು ಅದೇ ಟ್ಯೂಬಿಗೆ ಇಳಿಸಿದೆ.