ನಮ್ಮ ಸಭೆಯವರಲ್ಲ

2 ಫೆಬ್ರವರಿ 2025, ಭಾನುವಾರ

ಇವತ್ತೂ ಚರ್ಚಿನಲ್ಲಿ ಪ್ರಭು ಭೋಜನದ ತಟ್ಟೆ ನನ್ನನ್ನು ದಾಟಿಯೇ ಹೋಯಿತು. ಎಡಕ್ಕಿದ್ದವಳಿಗೆ ರೊಟ್ಟಿ ಚೂರು, ಬಲಕ್ಕಿದ್ದವಳಿಗೂ ರೊಟ್ಟಿ ಚೂರು. ನಡುವೆ ನಾನು, ಗ್ರಾಮ ಪಂಚಾಯತಿ ಅಧ್ಯಕ್ಷೆ, ಕೈ ಮಡಿಲಲ್ಲಿಟ್ಟುಕೊಂಡು. ದೀಕ್ಷಾಸ್ನಾನ ಆಗದವರಿಗೆ ಇಲ್ಲವಂತೆ. ಸರಿ, ಮಾಡಿಸಿ ಎಂದರೆ ಅದೂ ಇಲ್ಲ!

ನನ್ನದು ಪರಿಶಿಷ್ಟ ಜಾತಿಗೆ ಮೀಸಲಾದ ಸೀಟು. ಕ್ರೈಸ್ತಳಾದರೆ ಕಾಯ್ದೆ ಪ್ರಕಾರ ಸೀಟು ಹೋಯಿತು. ಅರುಣಕುಮಾರ ಪಾಸ್ಟರದು ಇವತ್ತೂ ಅದೇ ರಾಗ — “ಅಧಿಕಾರ ಅನ್ನೂದು ದೇವರು ಕೊಟ್ಟಿದ್ದು, ಅಕ್ಕಾರ. ನೀವು ಇಳದ್ರ ನಮ್ಮ ಕೇರಿಗೆ ನೀರು ಬಿಡಾವ್ರು ಯಾರು? ಅವಧಿ ಮುಗೀಲಿ.”

ನೀರಿನ ಮಾತು ಸುಳ್ಳಲ್ಲ. ನಾನು ಬರುವ ಮುಂಚೆ, ಊರೆಲ್ಲ ತುಂಬಿಕೊಂಡ ಮೇಲೆ ನಮ್ಮ ಕೇರಿಯ ವಾಲ್ವ್ ತಿರುಗುತ್ತಿತ್ತು. ಆದರೂ... ಹಸಿದವಳ ಮುಂದಿನಿಂದ ತಟ್ಟೆ ಎತ್ತಿ ಒಯ್ಯುವುದು ಯಾವ ನ್ಯಾಯ?

11 ಫೆಬ್ರವರಿ, ಮಂಗಳವಾರ

ಉಪಾಧ್ಯಕ್ಷ ಧೂಳಪ್ಪ ಇಂಡಿಗೆ ಹೋಗಿ ಎಸಿ ಸಾಹೇಬರಿಗೆ ಅರ್ಜಿ ಹಾಕಿದ್ದಾನೆ. ಅಧ್ಯಕ್ಷೆ ಶಂಕ್ರೆವ್ವ ಕ್ರೈಸ್ತಳಾಗಿದ್ದಾಳೆ, ಇಳಿಸಿರಿ ಅಂತ. ನೋಟಿಸು ತಂದುಕೊಟ್ಟ ಪಿಡಿಒ ಮಹಮ್ಮದಹನೀಫ ಕಣ್ಣೆತ್ತಲಿಲ್ಲ. “ಇಪ್ಪತ್ತಕ್ಕ ವಿಚಾರಣಾ ಐತ್ರಿ ಮೇಡಂ.”

ಸಂಜೆ ಪಾಸ್ಟರ ಮನೆಯಲ್ಲಿ ನಮ್ಮ ಕ್ರೈಸ್ತ ಸಭೆಯ ಹಿರಿಯರೆಲ್ಲ ಕೂತರು. ಪಾಸ್ಟರು ಬೈಬಲ್ಲಿನ ಕಥೆ ತೆಗೆದರು. ಒಬ್ಬ ಸೇನಾಪತಿ. ಕುಷ್ಠ. ಪ್ರವಾದಿ ಹೇಳಿದ ಹೊಳೆಯಲ್ಲಿ ಮುಳುಗಿ ವಾಸಿಯಾದ, ನಂಬಿದ. ಆದರೆ ಊರಿಗೆ ಹೋದ ಮೇಲೆ ರಾಜನ ಜೊತೆ ರಾಜನ ಗುಡಿಯಲ್ಲಿ ಬಾಗಲೇಬೇಕು, ಕ್ಷಮೆ ಇರಲಿ ಎಂದ. ಸಮಾಧಾನದಿಂದ ಹೋಗು ಎಂದ ಪ್ರವಾದಿ.

“ಹಂಗ ನೀವೂ ಸಮಾಧಾನದಿಂದ ಕುರ್ಚಿ ಮ್ಯಾಲ ಕುಂದರ್ರಿ.”

ತಲೆ ಕೆಟ್ಟಿತು. “ಆಂವ ಮೊದಲ ಮುಳುಗ್ಯಾನ್ರಿ! ತನ್ನ ಮಂದಿ ಎಲ್ಲಾ ನೋಡೂ ಮುಂದ. ಆಮ್ಯಾಲ ಕ್ಷಮಾ ಕೇಳ್ಯಾನ. ನನಗ ನೀರರ ಎಲ್ಲಿ ಮುಟ್ಟಗೊಟ್ಟೀರಿ?”

ಚಹಾ ಬಂತು.

20 ಫೆಬ್ರವರಿ. ಇಂಡಿಯಿಂದ ಬಂದು, ಸಂಜೆ

ಗೆದ್ದೆನಂತೆ. ಧೂಳಪ್ಪನ ಅರ್ಜಿ ವಜಾ.

ದೀಕ್ಷಾಸ್ನಾನ ಆಗಿದೆಯೇ ಎಂದರು ಸಾಹೇಬರು. ಇಲ್ಲ ಎಂದೆ. ಖರೇನೇ ಅಲ್ಲವೇ. ಆಮೇಲೆ ಪಾಸ್ಟರ ಕಡೆ ತಿರುಗಿದರು. ಪಾಸ್ಟರು ಎದ್ದು ಕೈ ಕಟ್ಟಿಕೊಂಡು ಹೇಳಿದರು — “ಇವರು ನಮ್ಮ ಸಭೆಯವರಲ್ಲ ಸರ್. ಪ್ರಾರ್ಥನಾಕ್ಕ ಯಾರ್ಯಾರೋ ಬರ್ತಾರ್ರಿ, ಹೋಗ್ತಾರ್ರಿ.”

ಯಾರ್ಯಾರೋ! ನನ್ನ ಗಂಡ ಸತ್ತ ದಿನ ಮನೆಗೆ ಬಂದು ಪ್ರಾರ್ಥಿಸಿದ ಬಾಯಿ ಅದು. ಕಂಬದ ಹಾಗೆ ನಿಂತಿದ್ದೆನಲ್ಲ, ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಸಿಟ್ಟು. ಹೊರಗೆ ಬಂದ ಮೇಲೆ ಪಾಸ್ಟರೇ ಕಬ್ಬಿನ ಹಾಲು ಕೊಡಿಸಿದರು. ಬಾಯಾರಿತ್ತು, ಕುಡಿದೆ.

2 ಮಾರ್ಚ್, ಭಾನುವಾರ

ತಟ್ಟೆ ಬರುವ ಮೊದಲೇ ಎದ್ದು ನಿಂತೆ. “ನಾ ಯಾರಾಕಿ? ಎಲ್ಲಾರ ಮುಂದ ಹೇಳ್ರಿ.”

“ಸಭೆ ಉಳೀಬೇಕಲ್ರಿ ಅಕ್ಕಾರ...” ಎಂದರು ಪಾಸ್ಟರು.

“ಕುರ್ಚಿ ದೇವರು ಕೊಟ್ಟಿದ್ದಾದ್ರ, ಅದನ್ನ ಕಾಯಾಕ ಸುಳ್ಳು ಯಾಕ ಬೇಕ್ರಿ?”

ಮುಖ ಕೆಂಪಾಯಿತು, ತಟ್ಟೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದರು. ನನ್ನನ್ನು ತಿರುಗಿ ಕೇಳಿದವಳು ಓರಗಿತ್ತಿ ಭುವನೇಶ್ವರಿ, ಬಾಗಿಲ ಹೊರಗೆ — “ನಿನ್ನ ಹಟಕ್ಕ ನಾವು ಮತ್ತ ಕೊಡ ಹೊತ್ತು ಗೌಡರ ಬಾವಿಗೆ ಹೋಗಬೇಕೇನವಾ?”

ಮನೆಗೆ ಬಂದು ಅತ್ತೆ.

12 ಮಾರ್ಚ್, ಬುಧವಾರ

ಒಬ್ಬಳೇ ಇಂಡಿಗೆ ಹೋದೆ. ರಾಜೀನಾಮೆ ಕೊಟ್ಟೆ. ಅಧ್ಯಕ್ಷಗಿರಿ, ಸದಸ್ಯತ್ವ ಎರಡೂ. ಸಾಹೇಬರಿಗೆ ಅಚ್ಚರಿ. “ಗೆದ್ದಿದ್ದೀರಲ್ಲಮ್ಮ?”

“ನಾ ಕ್ರೈಸ್ತಳಾಗಾಕಿ ಅದೀನ್ರಿ. ಆಗಿ ಕುರ್ಚಿ ಮ್ಯಾಲ ಕುಂದ್ರಂಗಿಲ್ಲ. ಕುರ್ಚಿ ಸಲುವಾಗಿ ಆಗೂದೂ ಬಿಡಂಗಿಲ್ಲ.”

ಕೆಲವು ದಿನದೊಳಗೆ ವಾಪಸ್ ಪಡೆಯಬಹುದು ಎಂದರು. ಬೇಡ ಎಂದೆ.

ನೀರಿನ ಸರದಿಯ ಠರಾವು ನಿನ್ನೆಯೇ ಪಾಸು ಮಾಡಿಸಿದ್ದೇನೆ. ಧೂಳಪ್ಪ ಮುರಿಯಲಿ ನೋಡೋಣ. ಕೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಪಂಚಾಯತಿ ಬಾಗಿಲಿಗೇ ಕೂರುತ್ತೇನೆ. ಅಧ್ಯಕ್ಷೆಯಾಗಿದ್ದರೆ ಅದು ಆಗುತ್ತಿರಲಿಲ್ಲ!

23 ಮಾರ್ಚ್, ಭಾನುವಾರ. ಬೆಳಗ್ಗೆ, ಭೀಮಾ ದಂಡೆ

ಇವತ್ತು ನನ್ನ ದೀಕ್ಷಾಸ್ನಾನ ಎಂದು ನಾನೇ ಎಲ್ಲರಿಗೂ ಹೇಳಿ ಕಳಿಸಿದ್ದೆ. ಭುವನೇಶ್ವರಿ ಬೈಯುತ್ತಲೇ ಬಂದಳು, ಒಣ ಸೀರೆ ಹಿಡಿದುಕೊಂಡು. ಹಿರಿಯರು ಒಬ್ಬರೂ ಇಲ್ಲ. ಪಾಸ್ಟರು ತಡವಾಗಿ ಬಂದರು, ಬೂಟು ಹಾಕಿಕೊಂಡೇ.

“ಮತಾಂತರ ಮಾಡಿಸ್ತಾರಂತ ಧೂಳಪ್ಪ ನಾಳೆ ನಮ್ಮ ಸಭೆ ಮ್ಯಾಲೂ ಅರ್ಜಿ ಹಾಕ್ತಾನ ಅಕ್ಕಾರ. ಸಾಹೇಬರ ಮುಂದ ನಾ ಏನಂತ ಹೇಳ್ಲಿ? ನಾ ನೀರಿಗಿ ಇಳಿಯೂದಿಲ್ಲ.”

“ಬ್ಯಾಡ ಬಿಡ್ರಿ. ನಾ ಇಳೀತೇನಿ. ಎದಿಮಟ ನೀರಾಗ ನಿಂತಿರ್ತೇನಿ. ನಮ್ಮಾಕಿ ಅಂತೀರೋ, ಅಲ್ಲ ಅಂತೀರೋ, ಅಲ್ಲಿಗೇ ಬಂದು ಹೇಳ್ರಿ.”

ಇಷ್ಟು ಬರೆದಿಟ್ಟು ಇಳಿಯುತ್ತೇನೆ. ಪಾಸ್ಟರು ದೂರದ ಕಲ್ಲಿನ ಮೇಲೆ ಕೂತಿದ್ದಾರೆ. ತಲೆ ತಗ್ಗಿಸಿದ್ದಾರೆ, ಪ್ರಾರ್ಥನೆಯೋ ಏನೋ... ಅಲ್ಲ. ಬೂಟಿನ ಲೇಸಿಗೆ ಕೈ ಹಾಕಿದರು. ಒಂದು ಬಿಚ್ಚಿದರು. ಅಯ್ಯ, ಇನ್ನೊಂದಕ್ಕೂ—