ತೊಟ್ಟಿಗೆ ಇಳಿದವನ ತಪ್ಪು

ಮಾರ್ಚ್ ೧೪, ಗುರುವಾರ

ಪ್ರೀತಿಯ ತಂಗೀ,

ತಿಂಗಳಾದರೂ ಎರಡು ಸಾಲು ಬರೆಯದ ಅಣ್ಣನನ್ನು ಬೈದುಕೊಂಡಿರುತ್ತೀಯ. ಬೈಯಿ, ತಪ್ಪಿಲ್ಲ. ಮೊಣಕಾಲು ನೋವು ಬಿಟ್ಟರೆ ಚೆನ್ನಾಗಿದ್ದೇನೆ. ಪುಟ್ಟಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಯೆ?

ಸೋಮವಾರ ನಮ್ಮ ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ನಿನ್ನ ಮನೆಗೆ ಬರುತ್ತಾನೆ. ಜೊತೆಗೊಂದು ಕಾಗದ ಇರುತ್ತದೆ. ನಿನ್ನ ಗಂಡ ಯಾರನ್ನೂ ಕೇಳದೆ ತಾನಾಗಿಯೇ ಕಾರ್ಖಾನೆಯ ಹೊಲಸು ನೀರಿನ ತೊಟ್ಟಿಗೆ ಇಳಿದು ಸತ್ತ ಎಂದು ಅದರಲ್ಲಿ ಬರೆದಿದೆ. ಸಹಿ ಹಾಕಬೇಡ.

ಆ ಮಹಾನುಭಾವನ ಬುದ್ಧಿ ಕೇಳು. ತೊಟ್ಟಿಯೊಳಗಿನ ಗಾಳಿ ಅಳೆಯುವ ಮೀಟರು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಅವನ ಬೀರುವಿನಲ್ಲಿ ಕೂತಿತ್ತು. ಹೊರಗೆ ತೆಗೆದರೆ ಕೆಸರಾಗುತ್ತದಂತೆ. ಇಳಿಯಲು ಕೊಡುವ ಪರವಾನಗಿ ಚೀಟಿಗಳಿಗೆ ತಿಂಗಳ ಮೊದಲ ದಿನವೇ ಫ್ಯಾನಿನ ಕೆಳಗೆ ಕೂತು, ಮೂವತ್ತು ದಿನದ್ದಕ್ಕೂ ಒಟ್ಟಿಗೆ 'ಗಾಳಿ ಸರಿಯಿದೆ' ಎಂದು ಗೀಚುತ್ತಿದ್ದ. ನಾಳಿದ್ದಿನ ಗಾಳಿಯನ್ನು ಇವತ್ತೇ ಮೂಸುವ ಮೂಗನ್ನು ದೇವರು ಅವನೊಬ್ಬನಿಗೇ ಕೊಟ್ಟಿರಬೇಕು. ಈಗ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಮುಚ್ಚಳಕ್ಕೆ ಹೊಸ ಬೀಗ, ಪಕ್ಕದಲ್ಲಿ 'ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ' ಎಂಬ ಹಲಗೆ. ಅದರ ಮುಂದೆ ನಿಂತು ಫೋಟೋ ಬೇರೆ ತೆಗೆಸಿಕೊಂಡ. ಥೂ.

ವಿಚಾರಣೆಗೆ ಬಂದ ಅಧಿಕಾರಿಯೂ ಅವನ ಜೋಡಿಯೇ. ಶೂ ಕೊಳೆಯಾಗುತ್ತದೆಂದು ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಆಫೀಸಿನಲ್ಲೇ ಕಾಫಿ ಕುಡಿದು, "ಈ ಕೆಲಸದವರು ಹೇಳಿದ ಮಾತು ಕೇಳಲ್ಲ ಕಣ್ರೀ," ಅಂದು ಎದ್ದ. ಇಬ್ಬರಿಗೂ ಸೇರಿ ಒಂದು ಬಕೆಟ್ಟು ಕೆಸರು ಎತ್ತಲು ಬರುವುದಿಲ್ಲ.

ಹದಿನಾರು ವರ್ಷ ನಾವಿಬ್ಬರೂ ಜೊತೆಗೆ ತೊಟ್ಟಿ ತೊಳೆದಿದ್ದೇವೆ. ನಿನ್ನ ಗಂಡ ಕೇಳದೆ ಒಂದು ಮೆಟ್ಟಿಲೂ ಇಳಿದವನಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗು ನಗುತ್ತಾ ಬೆಳೆಯಲಿ, ನಿನ್ನ ಮನಸ್ಸು ಗಟ್ಟಿಯಾಗಲಿ.

ನಿನ್ನ ಅಣ್ಣ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಅವತ್ತು ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಬಡಿಯಿತು, ಸ್ವಲ್ಪ ಹೊತ್ತಿಗೆ ನಿಂತಿತು. ವಾಸನೆ ನಿಂತರೆ ಗ್ಯಾಸು ಹೋಯಿತು ಎಂದೇ ನಾವೆಲ್ಲ ನಂಬಿದ್ದೆವು. ಹೊಸಬರಿಗೆಲ್ಲ ಹಾಗೆ ಕಲಿಸಿದವನೇ ನಾನು. ಗ್ಯಾಸು ಹೆಚ್ಚಾದರೆ ಮೊದಲು ಸಾಯುವುದು ಮೂಗಂತೆ, ಡಾಕ್ಟರು ಆಮೇಲೆ ಹೇಳಿದರು. ಅವನು ಏಣಿಯ ಮೇಲೆ ಕಾಲಿಟ್ಟು, "ಭಾವ, ಇಳೀಲಾ?" ಅಂತ ಕೇಳಿದ. "ಇಳಿಯೋ, ಏನಾಗಲ್ಲ," ಅಂದೆ. ಇದನ್ನು ವಿಚಾರಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಸೋಮವಾರ ಬರುವ ಆ ಕಾಗದದ ಕೆಳಗೆ, ಸಾಕ್ಷಿ ಎಂದಿರುವ ಕಡೆ, ನನ್ನ ಸಹಿ ಆಗಲೇ ಇದೆ.