ಮುಖದ ಮೇಲಿಲ್ಲದ ಗುರುತು

ಸ್ಪೇಸೈಡ್, ಟೊಬೇಗೊ
ಫೆಬ್ರುವರಿ 19

ನನ್ನ ಮುದ್ದು ವರ್ಲಿನ್,

ಹೇಗಿದ್ದೀಯೇ? ಟೊರಾಂಟೊ ಚಳಿಗೆ ಆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? "ಚೆನ್ನಾಗಿದ್ದೀನಮ್ಮಾ" ಅಂತ ಫೋನಿನಲ್ಲಿ ರಾಗ ಎಳೀತೀಯಲ್ಲ, ನಾನು ನಂಬೋವಳಲ್ಲ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಕೂಗಾಡ್ತೀಯ, ಅದಕ್ಕೇ ಕಾಗದ. ಪೂರ್ತಿ ಓದು.

ನಿನ್ನ ಗಂಡನ ಮೇಲೆ ನನಗೆ ಕ್ರಿಸ್‌ಮಸ್ಸಿನಿಂದಲೂ ಅನುಮಾನ. ಕೆಸ್ಟರ್ ದಿನಾ ಬೆಳಿಗ್ಗೆ ಪ್ರವಾಸಿಗಳನ್ನು ದೋಣಿ ತುಂಬಿಕೊಂಡು ಹವಳದ ದಿಬ್ಬಕ್ಕೆ ಹೋಗ್ತಾನೆ, ಮಧ್ಯಾಹ್ನ ತಲೆ ತೊಯ್ಸಿಕೊಂಡು ಬರ್ತಾನೆ. ಆದರೆ ಮುಖದ ಮೇಲೆ, ಮುಳುಗೋವಾಗ ಹಾಕಿಕೊಳ್ಳೋ ಮಾಸ್ಕಿನ ಗುರುತೇ ಇಲ್ಲ! ನಿಮ್ಮಪ್ಪ ಮುಳುಗಿ ಎದ್ದು ಬಂದರೆ ಹಣೆಯಿಂದ ಮೂಗಿನ ಕೆಳಗಿನವರೆಗೆ ಆ ರಬ್ಬರಿನ ಗೆರೆ ಊಟ ಮುಗಿಯೋ ತನಕ ಅಳಿಸ್ತಿರಲಿಲ್ಲ. "ಯಾಕಪ್ಪಾ, ಇವತ್ತು ನೀರಿಗಿಳೀಲಿಲ್ವಾ?" ಅಂತ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಕೆನ್ನೆ ಸವರಿಕೊಂಡು, "ಹೊಸ ಮಾಸ್ಕು ಅತ್ತೆ, ಮೆತ್ತಗಿದೆ" ಅಂದ. ಮೆತ್ತಗಂತೆ! ಅದರ ಜೊತೆಗೆ ಜೋಸಿನ್ ಅಂತ ಒಬ್ಬ ಹುಡುಗಿಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದಾನೆ. ಅವಳ ನಗು ನೀನು ನೋಡಬೇಕು. ಏಡಿ ಸಾರು ಬಡಿಸಿ "ಇನ್ನೊಂದು ಸೌಟು ಹಾಕ್ಲಾ" ಅಂದರೂ ಇವನು ಮಾತಾಡಲ್ಲ, ಎಲ್ಲೋ ಇರ್ತಾನೆ. ಹೆತ್ತವಳು ಏನಂದುಕೊಳ್ಳಬೇಕು ಹೇಳು?

ನಿನ್ನೆ ಮಂಡಿ ನೋವನ್ನು ಹಲ್ಲು ಕಚ್ಚಿ ಸಹಿಸಿಕೊಂಡು ಹೋಗಿ ದೋಣಿಯಲ್ಲಿ ಕೂತೇಬಿಟ್ಟೆ. "ಅತ್ತೆ, ನೀವ್ಯಾಕೆ?" ಅಂದ. "ಯಾಕೆ, ಸಮುದ್ರ ನಿಮ್ಮಪ್ಪಂದಾ?" ಅಂದೆ. ದಿಬ್ಬದ ಹತ್ತಿರ ದೋಣಿ ಕಟ್ಟಿದ ಮೇಲೆ ಜೋಸಿನ್ ಗಾಜು ಮಂಜಾಗದಿರಲಿ ಅಂತ ಮಾಸ್ಕಿಗೆ ಉಗುಳಿ ಉಜ್ಜಿ ತೊಳೆದು, ಎಲ್ಲರನ್ನೂ ಕರೆದುಕೊಂಡು ಕೆಳಗಿಳಿದಳು. ನಿನ್ನ ಗಂಡ ಇಳಿಯಲಿಲ್ಲ. ಅಂಚಿಗೆ ಬಗ್ಗಿ, ಮೇಲೆ ಬರೋ ಗುಳ್ಳೆಗಳನ್ನೇ ನೋಡ್ತಾ ಕೂತ. ನಾನು ಅವನ ಎಡಗಡೆ ಕೂತು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಮಗಳು ಪರದೇಶದಲ್ಲಿ ಮುದುಕರ ಸೇವೆ ಮಾಡಿ ಸವೀತಿದಾಳೆ, ನಿನಗಿಲ್ಲಿ ಚಿನ್ನಾಟವಾ ಅಂತೆಲ್ಲ. ತಿರುಗಿಯೂ ನೋಡಲಿಲ್ಲ. ಸಿಟ್ಟು ನೆತ್ತಿಗೇರಿ ಭುಜ ಹಿಡಿದು ಅಲ್ಲಾಡಿಸಿದೆ. ಬೆಚ್ಚಿಬಿದ್ದು, "ಏನಾದ್ರೂ ಅಂದ್ರಾ ಅತ್ತೆ?" ಅಂದ.

ಅಷ್ಟು ಬೈದದ್ದರಲ್ಲಿ ಒಂದು ಮಾತೂ ಅವನಿಗೆ ಕೇಳಿಸಿರಲಿಲ್ಲ ಕಣೆ. ಕ್ರಿಸ್‌ಮಸ್ಸಿಗೆ ಮುಂಚೆ ನೀರಿನ ಆಳದಲ್ಲಿ ಅವನ ಎಡಗಿವಿಯ ತಮಟೆ ಒಡೆದುಹೋಗಿದೆಯಂತೆ. ಇನ್ನೊಂದು ಸಲ ಆಳಕ್ಕಿಳಿದರೆ ತಲೆ ಸುತ್ತಿ ಮೇಲೆ ಯಾವುದು ಕೆಳಗೆ ಯಾವುದು ಅಂತಲೇ ತಿಳಿಯಲ್ಲ, ಹೆಣವಾಗಿ ಬರ್ತೀಯ ಅಂದಿದ್ದಾರಂತೆ ಡಾಕ್ಟರು. "ವರ್ಲಿನ್‌ಗೆ ಹೇಳ್ಬೇಡಿ ಅತ್ತೆ" ಅಂತ ಕೈ ಹಿಡಿದುಕೊಂಡ. ಹೇಳಲ್ಲ ಅಂತ ಮಾತು ಕೊಟ್ಟೆ. ದಡ ಹತ್ತಿರವಾದಾಗ ಒಂದು ಬಕೆಟ್ ನೀರೆತ್ತಿ ತಲೆಗೆ ಸುರಿದುಕೊಂಡ, ನನ್ನೆದುರಿಗೇ. ಪಾಪ ಅನ್ನಿಸಿತು.

ಆ ಜೋಸಿನ್ ನಗು ಮಾತ್ರ ನನಗೆ ಇನ್ನೂ ಸರಿಬಂದಿಲ್ಲ. ನೀನು ಕಿವಿ ಮುಚ್ಚೋ ಟೋಪಿ ಹಾಕಿಕೊಂಡೇ ಹೊರಗೆ ಹೋಗು. ದೇವರು ನಿನ್ನ ಕೈಬಿಡದಿರಲಿ.

ನಿನ್ನ ಅಮ್ಮ,
ಇಸ್ಮೆ

ಮರೆತಿದ್ದೆ: ಪ್ರತಿ ವರ್ಷ ಈಸ್ಟರಿಗೆ ನೀನು ಬಂದ ಮಾರನೇ ದಿನ ನೀವಿಬ್ಬರೂ ದಿಬ್ಬದ ಬುಡದ ತನಕ ಇಳೀತೀರಲ್ಲ, ಈ ಸಲವೂ ಅವನು ಇಳಿಯೋನೇ. "ಅವಳಿಗೋಸ್ಕರ ಒಂದೇ ಒಂದ್ಸಲ" ಅಂತಾನೆ. ನಿನ್ನ ಮಾಸ್ಕು ಆಗಲೇ ತೊಳೆದಿಟ್ಟಿದ್ದಾನೆ. ಕಿವಿಯ ಮಾತು ಎತ್ತಬೇಡ, ಎತ್ತಿದರೆ ಹಟಕ್ಕೆ ಬಿದ್ದು ಇಳೀತಾನೆ. "ನನಗೇ ಈಗ ನೀರು ಅಂದರೆ ಭಯ" ಅಂತ ನೀನೇ ಅವನಿಗೆ ಹೇಳಿಬಿಡು. ನಡೆಯೋಕೆ ಮುಂಚೆ ಈಜಿದವಳು ನೀನು, ನನಗೆ ಗೊತ್ತಿಲ್ವಾ? ಆದರೂ ಹೇಳು. ಅವನ ಬಲಗಡೆ ಕೂತು ಹೇಳು.